ಹೊಸ ಡಬ್ಬಕ್ಕೆ ಕಿಟಕಿ ಕೊರೆದದ್ದು

ಮೊಮ್ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಗ ಒಂದು ಶುಕ್ರವಾರ ಹೊಚ್ಚಹೊಸ ಕಂಪ್ಯೂಟರ್ ಡಬ್ಬವೊಂದನ್ನು ಆಟೋದಲ್ಲಿ ತಂದು, ಚಾಮರಾಜಪೇಟೆಯ ನಮ್ಮ ಮನೆಯ ಜಗುಲಿಯ ಮೇಲಿಟ್ಟಳು. ಒಳಗೆ ಏನೂ ಇರಲಿಲ್ಲ, ಬರೀ ತಗಡು. "ತಾತ, ಇದರ ಪಕ್ಕದಲ್ಲೊಂದು ಕಿಟಕಿ ಕೊರೆದ್ಕೊಡ್ತೀಯಾ?" ಎಂದಳು.

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಮಾಮೂಲ್‌ಪೇಟೆಯಲ್ಲಿ ತಗಡಿನ ಕೆಲಸಕ್ಕೆ ಕೂತವನು. ಐವತ್ತು ವರ್ಷ ಟ್ರಂಕು ಮಾಡಿದ್ದೇನೆ. ಟ್ರಂಕು ಎಂದರೆ ಒಳಗಿನದು ಹೊರಗೆ ಕಾಣಬಾರದು, ಹೊರಗಿನದು ಒಳಗೆ ಹೋಗಬಾರದು. ಇವಳೋ, ಕಿಟಕಿಗೆ ಗಾಜಿನಂಥ ಪ್ಲಾಸ್ಟಿಕ್ ಹಾಳೆ ಕೂರಿಸಿ ಒಳಗೆ ನೀಲಿ ದೀಪ ಹಾಕುತ್ತಾಳಂತೆ. ಯಾಕಮ್ಮ ಎಂದರೆ, ಒಳಗಿನ ಸಾಮಾನು ಕಾಣಲಿ ಅಂತ. ಕಂಡರೆ ಏನಾಗುತ್ತದೆ ಎಂದರೆ, ಚೆನ್ನಾಗಿರುತ್ತದೆ ಅಂತ. ಮುಚ್ಚಿದ ಡಬ್ಬದೊಳಗೆ ದೀಪ ಹಚ್ಚಿ ಯಾರಿಗೆ ದಾರಿ ತೋರಿಸಬೇಕೋ, ನನಗಂತೂ ಇವತ್ತಿಗೂ ತಿಳಿದಿಲ್ಲ.

ಸೋಮವಾರ ಕಾಲೇಜಿನಲ್ಲಿ ಇಂಥ ಡಬ್ಬಗಳ ಪ್ರದರ್ಶನ, ಚೆನ್ನಾಗಿರುವುದಕ್ಕೆ ಬಹುಮಾನ. ಗೆಳತಿಯರು ತಮ್ಮ ಡಬ್ಬಗಳನ್ನು ಮೆಷಿನ್ನಿನಲ್ಲಿ ಕತ್ತರಿಸಿಕೊಡುವ ಅಂಗಡಿಗೆ ಕೊಟ್ಟಿದ್ದರು. ಇವಳು ಮಾತ್ರ, ನಮ್ಮ ತಾತ ಕೈಯಲ್ಲೇ ಮಾಡುತ್ತಾರೆ ಎಂದು ಎಲ್ಲರ ಮುಂದೆ ಹೇಳಿ ಬಂದಿದ್ದಳು. ಅದನ್ನು ಕೇಳಿದವನು ಸುಮ್ಮನಿರುವುದು ಹೇಗೆ? ಅಂಗಡಿ ಮುಚ್ಚಿ ಆರು ವರ್ಷವಾಗಿತ್ತು. ಅಟ್ಟದಿಂದ ಕತ್ತರಿ, ಸುತ್ತಿಗೆ, ಅರ ಎಲ್ಲ ಇಳಿಸಿದೆ. ಅವಳು ಎಳೆದಿದ್ದ ಪೆನ್ಸಿಲ್ ಗೆರೆಯಿಂದ ಕೂದಲೆಳೆಯಷ್ಟೂ ಆಚೆ ಹೋಗದೆ ಕತ್ತರಿಸಿದೆ. ಕೆನ್ನೆಗೆ ಒತ್ತಿದರೂ ಗೀರದ ಹಾಗೆ ಅಂಚನ್ನು ಅರದಲ್ಲಿ ಉಜ್ಜಿದೆ. ಕೈ ಮರೆತಿರಲಿಲ್ಲ. ಆ ಖುಷಿಯಲ್ಲಿ ಡಬ್ಬವನ್ನು ತಿರುಗಿಸಿ ನೋಡಿದರೆ, ಬೆನ್ನಿನ ತುಂಬ ಜರಡಿಯ ಹಾಗೆ ಸಣ್ಣ ಸಣ್ಣ ತೂತು! ಮಾಡಿದವರು ಕೆಲಸ ಕೆಡಿಸಿದ್ದಾರೆ ಅಂದುಕೊಂಡೆ. ಹೊರಗಿನಿಂದ ತಗಡಿನ ತೇಪೆ ಕೊಟ್ಟು, ರಿವೆಟ್ ಹೊಡೆದು, ಇರುವೆ ಕೂಡ ನುಗ್ಗದ ಹಾಗೆ ಮುಚ್ಚಿದೆ. ಅವಳಿಗೆ ಹೇಳಲಿಲ್ಲ. ತಾನಾಗೇ ನೋಡಿ ಸಂತೋಷಪಡಲಿ ಅಂತ.

ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ಕೂತು ಸಾಮಾನೆಲ್ಲ ಜೋಡಿಸಿದಳು. ಕಿಟಕಿ ನೋಡುವ ಸಡಗರದಲ್ಲಿ ಬೆನ್ನಿನ ಕಡೆ ಅವಳ ಗಮನ ಹೋಗಲಿಲ್ಲ. ಸ್ವಿಚ್ ಒತ್ತಿದಾಗ ಒಳಗೆ ನೀಲಿ ಬೆಳಕು ತುಂಬಿಕೊಂಡಿತು. ನಮ್ಮ ಮನೆಯವಳು ಯಾಕೋ ಏನೋ ಕೈ ಮುಗಿದಳು. ಹದಿನೈದು ನಿಮಿಷವಾಗಿರಬೇಕು, ಎಲ್ಲ ಪಟ್ಟನೆ ಆರಿಹೋಯಿತು. ಮತ್ತೆ ಹಾಕಿದಳು, ಮತ್ತೆ ಆರಿತು. ಮೂರನೇ ಸಲವೂ ಅಷ್ಟೇ. ಮಗುವಿನ ಮುಖ ಸಣ್ಣಗಾಯಿತು. ಯಾವುದೋ ಗೆಳತಿಗೆ ಫೋನು ಮಾಡಿದಳು; ಗಾಳಿ ಆಡುತ್ತಿದೆಯಾ ನೋಡು ಎಂದಳಂತೆ ಅವಳು. ಮೊಮ್ಮಗಳು ಡಬ್ಬವನ್ನು ತಿರುಗಿಸಿ ಬೆನ್ನು ಸವರಿದಳು.

"ತಾತ, ಇಲ್ಲಿ ತೂತುಗಳಿದ್ವಲ್ಲ?"

"ಮುಚ್ಚಿದೀನಿ ಕಣಮ್ಮ. ಜಿರಲೆ ಹೋಗ್ದೇ ಇರ್ಲಿ ಅಂತ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೆಲದ ಮೇಲೆ ಕೂತು ಮೆತ್ತಗೆ, "ಒಳಗೆ ಕಾವು ಏರತ್ತೆ ತಾತ. ಅದು ಉಸಿರಾಡ್ಬೇಕು" ಎಂದಳು.

ದೊಡ್ಡ ತೂತು ಬೇಕು, ಅದನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಬೇಕು. ಸಣ್ಣ ತೂತನ್ನು ಮಾತ್ರ ಮುಚ್ಚಬಾರದು. ಇದ್ಯಾವ ನ್ಯಾಯ? ನಾಳೆ ಇವಳು ಆ ಹುಡುಗಿಯರ ಮುಂದೆ ಏನು ಹೇಳಬೇಕು? ಹಾಗೆ ಯೋಚಿಸುತ್ತಿದ್ದಾಗಲೇ ಅಡುಗೆಮನೆಯ ಹಾಲಿನ ಬೀರು ಕಣ್ಣಿಗೆ ಬಿತ್ತು. ನಾನೇ ಮಾಡಿದ್ದು. ಒಳಗೆ ಗಾಳಿಯಾಡಲಿ, ಹಾಲು ಕೆಡದಿರಲಿ ಎಂದು ಅದರ ಬಾಗಿಲಿನ ತಗಡಿಗೆ ಸಾಲಾಗಿ ತೂತು ಹೊಡೆದಿದ್ದೆ.

"ಇದು ಟ್ರಂಕಲ್ಲ, ಹಾಲಿನ ಬೀರು ಅಂತ ಮೊದ್ಲೇ ಹೇಳ್ಬಾರ್ದಿತ್ತಾ?" ಎಂದೆ.

ಒಳಗಿನದನ್ನೆಲ್ಲ ಬಿಚ್ಚಿಸಿದೆ. ತೇಪೆ ಕೀಳುವಾಗ ಬೆನ್ನಿನ ತಗಡು ನಜ್ಜುಗುಜ್ಜಾಯಿತು. ಅಷ್ಟಗಲ ಕತ್ತರಿಸಿ ತೆಗೆದು, ಅಲ್ಲಿಗೆ ಹೊಸ ತಗಡು ಹಿಡಿಸಿದೆ. ಅದರ ಮೇಲೆ ನಮ್ಮ ಮನೆಯವಳು ಸೀಮೆಸುಣ್ಣದಲ್ಲಿ, ದಿನಾ ಬಾಗಿಲಿಗೆ ಇಡುವ ರಂಗೋಲಿಯ ಚುಕ್ಕಿ ಇಟ್ಟಳು. ಒಂದೊಂದು ಚುಕ್ಕಿಗೂ ಮೊಳೆ ಇಟ್ಟು ತೂತು ಹೊಡೆಯುತ್ತಾ ಹೋದೆ. ಮೊಮ್ಮಗಳು ಪಕ್ಕದಲ್ಲಿ ಕೂತು ಸಾಲಿಗಿಷ್ಟು ಎಂದು ಎಣಿಸುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಮತ್ತೆ ಎಲ್ಲ ಜೋಡಿಸಿ ಸ್ವಿಚ್ ಒತ್ತಿದಳು. ಊಟ ಮುಗಿದರೂ ಆರಲಿಲ್ಲ.

ಸೋಮವಾರ ಸಂಜೆ ನಾನು ಗೇಟಿನಲ್ಲೇ ನಿಂತಿದ್ದೆ. ಬಹುಮಾನ ಬೇರೆ ಯಾರಿಗೋ ಬಂತಂತೆ. ಆದರೆ ಬಂದವರೆಲ್ಲ ಕಿಟಕಿ ಬಿಟ್ಟು ಇವಳ ಡಬ್ಬದ ಬೆನ್ನನ್ನೇ ತಿರುತಿರುಗಿಸಿ ನೋಡಿದರಂತೆ. ಮೇಷ್ಟ್ರೊಬ್ಬರು, ಇದನ್ನು ಯಾವ ಮೆಷಿನ್ನಿನಲ್ಲಿ ಮಾಡಿಸಿದೆ ಎಂದು ಕೇಳಿದರಂತೆ.

"ನೀನೇನಂದೆ?"

"ನಮ್ ತಾತನ ಕೈ ಅಂದೆ."

ನಾನು ಚಪ್ಪಲಿ ಮೆಟ್ಟಿಕೊಂಡು ಹೋಗಿ ಮೈಸೂರುಪಾಕ್ ತಂದು ಬೀದಿಯ ಮನೆಮನೆಗೂ ಹಂಚಿದೆ. ಏನು ವಿಶೇಷ ಯಜಮಾನ್ರೇ ಎಂದು ಎಲ್ಲರೂ ಕೇಳಿದರು. ಹೊಸ ಡಬ್ಬಕ್ಕೆ ತೂತು ಮಾಡಿದೆ, ಬಾಯಿ ಸಿಹಿ ಮಾಡ್ಕೊಳ್ಳಿ ಎಂದೆ.