ದಕ್ಷಿಣದ ಬಾಗಿಲು, ಈಶಾನ್ಯದ ಬಿರುಕು

ನಮ್ಮ ಅಡುಗೆಮನೆಯ ಗೋಡೆ ಬಿರಿದದ್ದನ್ನು ಮೊದಲು ಕಂಡವರು ಪಕ್ಕದ ಮನೆಯ ಕಾಕು. ಕಂಡದ್ದೇ ತಡ, ಯಾಕೆ ಬಿರಿಯಿತು ಅನ್ನುವುದನ್ನೂ ಹೇಳಿಬಿಟ್ಟರು.

"ನೋಡ್ವಾ, ನಾ ಆವಾಗ ಹೇಳಿದ್ದೆ. ದಕ್ಷಿಣಕ್ಕ ಬಾಗಲಾ ಇಟ್ಟ ಮನಿ ಎಂದೂ ನೆಟ್ಟಗ ನಿಲ್ಲೂದಿಲ್ಲ."

ಬಿರುಕು ಸಣ್ಣದೇನಲ್ಲ. ಕಿಟಕಿಯ ಮೂಲೆಯಿಂದ ಹೊರಟು ಓರೆಯಾಗಿ ನೆಲದವರೆಗೆ ಇಳಿದಿತ್ತು. ನನ್ನ ಕಿರುಬೆರಳು ಒಳಗೆ ಹೋಗುತ್ತಿತ್ತು. ಆ ಮೂಲೆಯ ನೆಲದ ಫರಸಿಕಲ್ಲು ವಾಲಿ, ಕೈಜಾರಿದ ಕಾಳುಗಳೆಲ್ಲ ಉರುಳಿಕೊಂಡು ಹೋಗಿ ಗೋಡೆ ಸೇರುತ್ತಿದ್ದವು. ಆದರೆ ಅದು ಮನೆಯ ಈಶಾನ್ಯ ಮೂಲೆ. ದಕ್ಷಿಣದ ಬಾಗಿಲು ಇರುವುದು ಮನೆಯ ಇನ್ನೊಂದು ತುದಿಗೆ. ಅಲ್ಲಿ ಒಂದು ಗೆರೆಯೂ ಮೂಡಿರಲಿಲ್ಲ. ಬಾಗಿಲು ಒಂದೇ ಬೆರಳಿನಿಂದ ನೂಕಿದರೂ ಸಲೀಸಾಗಿ ಮುಚ್ಚುತ್ತಿತ್ತು. ಇದನ್ನು ಕಾಕುವಿಗೆ ಹೇಳಿದರೆ, "ದೋಷ ಅಲ್ಲಿಂದ ಇಲ್ಲಿಗೆ ಹರಿದು ಬಂದದ" ಅಂದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ದೋಷ ಹರಿಯುವ ಪಾಠ ನಮ್ಮ ಪುಸ್ತಕದಲ್ಲಿ ಇನ್ನೂ ಬಂದಿಲ್ಲ.

ಆ ಬಾಗಿಲು ಅಪ್ಪ ಬೇಕೆಂದೇ ಇಡಿಸಿದ್ದು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ ಉಣಕಲ್ಲಿನ ಈ ಬಡಾವಣೆಯಲ್ಲಿ ಜಾಗ ಹಿಡಿದಾಗ, ಬಾಗಿಲು ಪೂರ್ವಕ್ಕೆ ಇರಲಿ ಎಂದು ಬುದ್ಧಿ ಹೇಳದವರೇ ಇರಲಿಲ್ಲ. ಅಪ್ಪ ಕೇಳಲಿಲ್ಲ. "ಊರಾಗ ನಮ್ಮ ಓಣಿ ದಕ್ಷಿಣಕ್ಕ ಹಾಕಿದ್ರು. ಆ ದಿಕ್ಕ ಕೆಟ್ಟದ್ದ ಅಂದ್ರ ನಾವ ಕೆಟ್ಟವ್ರು ಅಂದಂಗ ಆತು. ನನ್ನ ಮನಿ ಅತ್ಲಾಗ ನೋಡಕೋತನ ನಿಂದ್ರಲಿ" ಅಂದ. ಹೋಮವಿಲ್ಲ, ವಾಸ್ತುಶಾಂತಿಯಿಲ್ಲ. ಬುದ್ಧವಂದನೆ ಹೇಳಿ ನಾವೆಲ್ಲ ಅದೇ ಬಾಗಿಲಿನಿಂದ ಒಳಗೆ ಕಾಲಿಟ್ಟೆವು. ಅಪ್ಪ ಹೋದ ಮೇಲೂ ಸಾಲಿಯಿಂದ ಬಂದು ಆ ಹೊಸ್ತಿಲು ದಾಟುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಈಗ ಅದಕ್ಕೇ ಕುತ್ತು ಬಂದಿತ್ತು. ಓಣಿಯ ಮಂದಿಯ ಮಾತು ಬದಿಗಿರಲಿ, ಅವ್ವನೇ ಒಂದು ಮುಂಜಾನೆ ಚಹಾ ಸೋಸುತ್ತ, ನನ್ನ ಕಡೆ ನೋಡದೆ ಹೇಳಿದಳು: "ಆ ಬಾಗಲಾ ಮುಚ್ಚಿಸಿಬಿಡೂಣವಾ. ಮನಿ ಉಳಿದ್ರ ಸಾಕು."

"ಬಾಗಲಾ ಮುಚ್ಚಿದ್ರ ಪಾಯಾ ಮ್ಯಾಲ ಏಳತೈತೇನು?" ಎಂದು ರೇಗಿದೆ.

ಗೌಂಡಿಯನ್ನು ಕರೆಸಿದೆ. ಆತ ಗೋಡೆಯನ್ನು ಅಲ್ಲಲ್ಲಿ ಬಡಿದು ನೋಡಿ, ಪಾಯಾ ಕೂತಿದೆ, ಕೆಳಗಿನಿಂದ ಎತ್ತಿಕಟ್ಟಬೇಕು ಅಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಅಕ್ಕೋರ, ಹೆಂಗೂ ಸಿಮೆಂಟ ಕಲಸತೇವಿ. ಆ ಬಾಗಲಾನೂ ಮುಚ್ಚಿ ಪೂರ್ವಕ್ಕ ತಗದಬಿಡೂಣ್ರಿ. ಮಂದಿ ಬಾಯೀನೂ ಮುಚ್ಚತೈತಿ."

"ಮಂದಿ ಬಾಯಿಗೆ ಸಿಮೆಂಟ ಹಿಡಿಯೂದಿಲ್ರಿ. ನೀವು ಆ ಮೂಲಿ ಅಗೀರಿ" ಅಂದೆ.

ಕಡುಬೇಸಗೆ. ಅಂಗಳದ ಎರೆಮಣ್ಣು ಒಣಗಿ, ಕೈ ತೂರುವಷ್ಟು ಬಾಯಿಬಿಟ್ಟು ಕೂತಿತ್ತು. ಆ ಮೂಲೆಯಲ್ಲಿ ಮಾತ್ರ ಸಲಿಕೆಗೆ ಹತ್ತಿದ ಮಣ್ಣು ಬಿಡಲೊಲ್ಲದು, ಅಷ್ಟು ಹಸಿ. ಇನ್ನಷ್ಟು ಅಗೆದರೆ ಕೆಳಗೆಲ್ಲ ಬರೀ ರಾಡಿ. ಎರೆಮಣ್ಣು ಒಣಗಿದರೆ ಕಲ್ಲು, ನೀರು ಕುಡಿದರೆ ಮುದ್ದೆ. ಆ ಮುದ್ದೆಯ ಮೇಲೆ ನಮ್ಮ ಗೋಡೆ ಮೆಲ್ಲಗೆ ಕೂರುತ್ತ ಬಂದಿತ್ತು. ನೀರು ಎಲ್ಲಿಂದ ಬಂತೆಂದು ಹುಡುಕಬೇಕಾಗಲಿಲ್ಲ. ಗೋಡೆಗೆ ಅಂಟಿಕೊಂಡೇ ನೆಲದೊಳಗಿನ ನೀರಿನ ಟಾಕಿ ಇತ್ತು. ಅದರ ತಳ ಸೀಳಿತ್ತು.

ಹುಬ್ಬಳ್ಳಿಯಲ್ಲಿ ನಳ ಬರುವ ದಿನ ಹಬ್ಬವಿದ್ದಂತೆ, ಟಾಕಿ ಇಲ್ಲದ ಮನೆಯಿಲ್ಲ. ಅಪ್ಪ ಹೋದ ಮೇಲೆ ಅವ್ವ ದೊಡ್ಡದೊಂದನ್ನು ಕಟ್ಟಿಸಿದಾಗ ನಾನೂ ಖುಷಿಪಟ್ಟಿದ್ದೆ. ನಳದ ಪೈಪು ಬರುವುದು ದಕ್ಷಿಣದ ರಸ್ತೆಯಿಂದ. ಟಾಕಿಯನ್ನು ಹಿತ್ತಲ ಮೂಲೆಗೆ ಯಾಕೆ ಒಯ್ದಳೆಂದು ಕೇಳಿರಲಿಲ್ಲ. ಈಗ ಕೇಳಿದೆ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಈಶಾನ್ಯಕ್ಕ ನೀರ ಇಟ್ರ ದಕ್ಷಿಣದ ಬಾಗಲಾ ತಾಪತ್ರಯ ಕೊಡೂದಿಲ್ಲಂತ ಬಾಜೂ ಮನಿ ಬಾಯಾರು ಹೇಳಿದ್ರು."

ಕಂಪೌಂಡಿನ ಆಚೆ ನಿಂತು ಎಲ್ಲವನ್ನೂ ನೋಡುತ್ತಿದ್ದ ಕಾಕುವಿಗೆ ಒಲೆಯ ಮೇಲೆ ಹಾಲಿಟ್ಟದ್ದು ಆಗಲೇ ನೆನಪಾಯಿತು.

ನನಗೆ ಅವ್ವನ ಮೇಲೆ ಕೆಂಡದಂಥ ಸಿಟ್ಟು ಬಂತು. ದೋಷ ಕಳೆಯಲು ಹೋಗಿ ದೋಷವಿಲ್ಲದ ಮನೆಯನ್ನೇ ಬೀಳಿಸುತ್ತಿದ್ದಳಲ್ಲ! "ಅಪ್ಪ ಇದ್ದಿದ್ರ..." ಎಂದು ಶುರುಮಾಡಿದೆ.

"ನಿಮ್ಮಪ್ಪ ಮುಂಜಾನೆ ಆಫೀಸಿಗೆ ಹೋಗತಿದ್ದ. ನೀ ಸಾಲಿಗೆ ಹೋಗತಿ" ಅಂದಳು ಅವ್ವ. "ಇಡೀ ದಿನಾ ಈ ಓಣ್ಯಾಗ ಕುಂದ್ರಾಕಿ ನಾನು. ಮನಿಯಾಗ ಒಂದ ಜ್ವರ ಬಂದ್ರೂ ಬಾಗಲಾ ತೋರಸ್ತಾರ. ಕೇಳಿ ಕೇಳಿ ಅಂಜಿದೆವಾ."

ಸಿಟ್ಟು ಕಡಿಮೆಯಾಗಲಿಲ್ಲ, ಯಾರ ಮೇಲೆ ಬರಬೇಕಿತ್ತೋ ಅವರ ಮೇಲೆ ಬಂತು.

ಕೆಲಸ ನಡೆಯಿತು. ಮೊದಲು ಟಾಕಿ ಬರಿದು ಮಾಡಿ ಮುಚ್ಚಿದರು. ಗೋಡೆಗೆ ದಪ್ಪ ತೊಲೆಗಳ ಆಸರೆ ಕೊಟ್ಟು, ಪಾಯದ ಕೆಳಗೆ ಒಂದು ತುಂಡು ಅಗೆದು, ಪಕ್ಕದ ತುಂಡನ್ನು ಹಾಗೇ ಬಿಟ್ಟು ಮುಂದಿನದನ್ನು ಅಗೆದರು. ಒಂದೇ ಸಲ ಅಗೆದರೆ ಗೋಡೆ ಮೈಮೇಲೆ ಬರುತ್ತದೆ. ಗಟ್ಟಿ ಗರಸು ಮಣ್ಣು ಸಿಗುವವರೆಗೆ ಇಳಿದು, ಖಡಿಕಲ್ಲು ಸಿಮೆಂಟು ತುಂಬಿ, ಅದು ಬಲಿತ ಮೇಲೆ ನಡುವೆ ಉಳಿಸಿದ ತುಂಡುಗಳಿಗೆ ಕೈಹಾಕಿದರು. ಬಿರುಕು ಹೊಲಿದು, ಮೇಲೆ ಸಿಮೆಂಟು ಬಳಿದು ಗಿಲಾಯಿ ಮಾಡಿದ್ದು ಎಲ್ಲಕ್ಕಿಂತ ಕಡೆಗೆ. ಅಷ್ಟೂ ದಿನ ಅವ್ವ ಹಿತ್ತಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ತನ್ನ ಮನೆಯ ಬುಡವನ್ನು ಕಣ್ಣಾರೆ ನೋಡಿದ ಮೇಲೆ ಅವಳ ಮುಖ ಬೇರೆಯಾಗಿತ್ತು.

ಕೊನೆಗೆ ಉಳಿದದ್ದು ಹೊಸ ಟಾಕಿ. ಗೌಂಡಿ ಎಲ್ಲಿ ಕಟ್ಟಲಿ ಎಂದು ನನ್ನನ್ನು ಕೇಳಿದ. ಅವ್ವ ಎದ್ದು ಹೋಗಿ, ದಕ್ಷಿಣದ ಬಾಗಿಲ ಮುಂದೆ, ಗೋಡೆಯಿಂದ ದೂರ, ಗೇಟಿನ ಬದಿಗೆ ನಿಂತು ಕಾಲಿನಿಂದ ನೆಲ ಗೀರಿ ತೋರಿಸಿದಳು.

ಕಾಕುವಿಗೆ ತಡೆಯಲಾಗಲಿಲ್ಲ. "ಅಯ್ಯ, ದಕ್ಷಿಣಕ್ಕ ನೀರಽ? ಆ ನೀರ ಯಾರಾದ್ರೂ ಕುಡೀತಾರೇನ್ರಿ?"

ಅವ್ವ ತಿರುಗಿದಳು. ಅವರೆದುರು ಅವಳ ದನಿ ಏರಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ನಾವು ಕುಡದೇವ್ರಿ ಬಾಯಾರ. ನಮ್ಮ ಓಣಿ ಬಾಂವಿ ದಕ್ಷಿಣಕ್ಕ ಇತ್ತು. ಊರ ಬಾಂವಿಗೆ ನಮ್ಮನ್ನ ಬಿಡತಿರಲಿಲ್ಲ."