ಸಾಹೇಬರ ಚೀಟಿ ಓದಿದ್ದು ನಾನೇ

ಗೊತ್ತಿಲ್ಲ ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. ಓದುಗರೇ, ಈ ವಾರ ಬೇರೆ ವಿಷಯವಿಲ್ಲ.

ನನ್ನ ಇಂಗ್ಲಿಷು ಎಷ್ಟರದು? ಬೀದರಿನ ಉರ್ದು ಸಾಲೆಯಲ್ಲಿ ಎರಡು ವರ್ಷ ಕಲಿತದ್ದು. ಆದರೆ ನಮ್ಮ ಚಿಂತಾಕಿಯಲ್ಲಿ ಎ ಬಿ ಸಿ ಬಲ್ಲವನು ನಾನೊಬ್ಬನೇ. ಊರಿಗೆ ಇಂಗ್ಲಿಷ್ ಕಾಗದ ಬಂದರೆ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ಬೆಲ್ಲ ನೀರು ಕೊಟ್ಟು ಓದಿಸುತ್ತಾರೆ. (ಬೆಲ್ಲ ತಿಂದ ಮೇಲೆ ತಿಳಿಯಲಿಲ್ಲ ಎನ್ನುವುದು ಹೇಗೆ?)

ಹೋದ ವರ್ಷ ಸಡಕು ಅಳೆಯಲು ಬಂದ ಸಾಹೇಬರ ಹತ್ತಿರ ನನ್ನ ತಮ್ಮ ಬಂಡೆಪ್ಪ ಆರು ತಿಂಗಳು ಅಳತೆಯ ಸರಪಳಿ ಹಿಡಿದ. ಹೊರಡುವಾಗ ಅವರು ಒಂದು ಚೀಟಿ ಬರೆದುಕೊಟ್ಟರು. ಬೀದರಿನ ಆಫೀಸಿನಲ್ಲಿ ಅದನ್ನು ತೋರಿಸಿ ಕಾಯಂ ನೌಕರಿ ಕೇಳಬೇಕೆಂಬುದು ತಮ್ಮನ ಆಸೆ.

ಮನೆಯವರೆಲ್ಲ ಸುತ್ತ ಕೂತರು. ನಾನು ಗಟ್ಟಿಯಾಗಿ ಓದಿದೆ: "ಬಂಡೆಪ್ಪ ಈಸ್ ವರ್ತ್ ಹಿಸ್ ಸಾಲ್ಟ್."

"ಏನ್ ಬರದಾರ ಅಣ್ಣಾ?"

ವರ್ತ್ ಎಂದರೆ ಬೆಲೆ. ಸಾಲ್ಟ್ ಎಂದರೆ ಉಪ್ಪು. ಎರಡೂ ಕೂಡಿದರೆ ಏನು? ತಿಳಿಯಲಿಲ್ಲ. ಆದರೂ ಅಂದೆ, "ನಿನ್ನ ಬೆಲಿ ಉಪ್ಪಿನಷ್ಟು ಅಂತ."

"ಎಷ್ಟು ಸೇರು ಉಪ್ಪಂತ ಕೇಳಲಿಲ್ಲೇನೋ ಬಂಡೆಪ್ಪಾ?" ನನ್ನ ಹೆಂಡತಿ ಚೇಷ್ಟೆ ಮಾಡಿದಳು. ಎಲ್ಲರೂ ನಕ್ಕರು.

"ಆರು ತಿಂಗಳು ಬಿಸಲಾಗ ದುಡದೀನಿ. ಇಷ್ಟೇನಾ?" ಎಂದ ಬಂಡೆಪ್ಪ. ಬೀದರಿಗೆ ಹೋಗಲೇ ಇಲ್ಲ.

ನನಗೆ ಅನುಮಾನವಿತ್ತು. ಬೈಯುವವರು ಚೀಟಿ ಯಾಕೆ ಕೊಡುತ್ತಾರೆ? ಔರಾದಿಗೆ ಹೋಗಿ ಬಲ್ಲವರನ್ನು ಕೇಳಬಹುದಿತ್ತು. ಕೇಳಿದ್ದರೆ ನನ್ನ ಇಂಗ್ಲಿಷು ಬಯಲಾಗುತ್ತಿತ್ತು. (ತಮ್ಮ ಊರಲ್ಲೇ ಉಳಿದರೆ ಹೊಲಕ್ಕೆ ಆಸರೆ ಎಂಬ ಯೋಚನೆಯೂ ಇತ್ತು. ಅದನ್ನೂ ಬರೆದೇಬಿಡುತ್ತೇನೆ.)

ಮೊನ್ನೆ ಭಾಲ್ಕಿಯಲ್ಲಿ ಒಬ್ಬ ಮಾಸ್ತರರಿಗೆ ಇದನ್ನು ನಗೆಯ ಮಾತಾಗಿ ಹೇಳಿದೆ. ಅವರು ನಗಲಿಲ್ಲ.

"ಉಂಡ ಉಪ್ಪಿಗೆ ತಕ್ಕಂಗ ದುಡಿಯೋ ಮನುಷ್ಯಾ ಅಂತ ಹೊಗಳ್ಯಾರ್ರೀ. ನೌಕರಿ ಸಿಕ್ತೇನ್ರಿ ನಿಮ್ಮ ತಮ್ಮಗ?"

ಉಪ್ಪಿನ ಮಾತು ನಮಗೇನು ಹೊಸದೇ? ನಮಕ್ ಹರಾಮ್ ಎಂದು ದಿನಕ್ಕೆ ಹತ್ತು ಸಲ ಬೈಯುವವರು ನಾವು. ಇಂಗ್ಲಿಷಿನವರೂ ನಮ್ಮ ಹಾಗೆಯೇ ಒಂದನ್ನು ಹೇಳಿ ಇನ್ನೊಂದನ್ನು ತಿಳಿಸುತ್ತಾರೆ ಎಂದು ನನಗೆ ಹೊಳೆಯಲಿಲ್ಲ. ಪದಕ್ಕೊಂದು ಅರ್ಥ ಹಚ್ಚಿ ಕೈ ತೊಳೆದುಕೊಂಡೆ.

ಬೀದರಿಗೆ ಹೋಗಿ ವಿಚಾರಿಸಿದೆ. ಆ ಜಾಗ ಎಂದೋ ಭರ್ತಿಯಾಗಿತ್ತು.

ಹೊಲದಲ್ಲಿ ಬಂಡೆಪ್ಪ ಕುಂಟೆ ಹೊಡೆಯುತ್ತಿದ್ದ. ಎಲ್ಲ ಹೇಳಿದೆ. ಎತ್ತು ನಿಲ್ಲಿಸಿದ.

"ಸಾಹೇಬರು ನನ್ನ ಬಗ್ಗೆ ಛಲೋನೇ ಬರದಿದ್ರೇನು?" ಎಂದಷ್ಟೇ ಕೇಳಿದ.

ತಮ್ಮನ ಮುಂದೆ ಅಣ್ಣ ತಗ್ಗುವ ರೂಢಿ ನಮ್ಮಲ್ಲಿಲ್ಲ. ಆದರೂ ಬಾಯಿಬಿಟ್ಟು ಅಂದೆ:

"ತಪ್ಪಾಯ್ತೋ ತಮ್ಮಾ. ನನಗ ಇಂಗ್ಲಿಷ್ ಬರಂಗಿಲ್ಲ."