ಹನ್ನೊಂದು ಸಲ ಶುರುವಾದ ಹಾಡು

ಕಳೆದ ಶನಿವಾರ ನಮ್ಮ ಮನೆಯಲ್ಲಿ ಒಂದೇ ಹಾಡು ಹನ್ನೊಂದು ಸಲ ಶುರುವಾಯಿತು. ಮುಗಿದದ್ದು ಒಂದೇ ಸಲ.

ಹಳೆಯ ರೆಕಾರ್ಡ್ ಕೊಳ್ಳುವವರೊಬ್ಬರು ಚಾಮರಾಜಪೇಟೆಯಿಂದ ಬಂದಿದ್ದರು. ನಮ್ಮ ಮನೆಯವರು ತೀರಿಕೊಂಡು ಎಂಟು ತಿಂಗಳಾಯಿತು. (ಆಗ ಕಾಗದ ಬರೆದ ಎಲ್ಲರಿಗೂ ಉತ್ತರ ಬರೆಯಲಾಗಲಿಲ್ಲ, ಕ್ಷಮಿಸಿ.) ಹಾಲ್‌ನ ಬೀರು ಖಾಲಿ ಮಾಡೋಣವೆಂದು ನಾನೇ ಫೋನ್ ಮಾಡಿದ್ದೆ. ಎಲ್ಲವನ್ನೂ ಒಯ್ಯಿರಿ ಎಂದಿದ್ದೆ.

ನಮ್ಮ ಇವರು ಹನುಮಂತನಗರದಲ್ಲಿ ಹೈಸ್ಕೂಲ್ ಗಣಿತದ ಮೇಷ್ಟ್ರಾಗಿದ್ದರು. ದೇವರನಾಮದ ಮನೆಯಲ್ಲಿ ಬೆಳೆದವರಿಗೆ ಅಮೆರಿಕದ ಜಾಸ್ ಹುಚ್ಚು. ಅದರಲ್ಲೂ ಹಾಡುಗಾರರದಲ್ಲ, ಹಾಡು ಕಟ್ಟಿದ ಒಬ್ಬನದು. ಹೆಸರು ಹೇಳಿದರೆ ನಿಮಗೆ ಗೊತ್ತಾಗದು. ಅಮೆರಿಕದವರಿಗೇ ಗೊತ್ತಿಲ್ಲವಂತೆ.

ಆತ ದರ್ಜಿಯ ಮಗ. ಸಂಗೀತದ ಪುಸ್ತಕ ಮಾರುವ ಅಂಗಡಿಯಲ್ಲಿ ಗಿರಾಕಿಗಳಿಗೆ ಪಿಯಾನೊ ನುಡಿಸಿ ತೋರಿಸುವ ಕೆಲಸ. ದಿನವಿಡೀ ಬೇರೆಯವರ ಹಾಡು, ಊಟದ ಬಿಡುವಿನಲ್ಲಿ ತನ್ನದು. ಕಂಠ ಚೆನ್ನಾಗಿರಲಿಲ್ಲ. ಹಾಡಿದವರು ದೊಡ್ಡವರಾದರು. ಇವನು ಲೇಬಲ್ಲಿನ ಮೇಲೆ, ಹಾಡಿನ ಹೆಸರಿನ ಕೆಳಗೆ, ಬ್ರಾಕೆಟ್ಟಿನೊಳಗೆ ಇರುವೆ ಗಾತ್ರದ ಅಕ್ಷರವಾಗಿ ಉಳಿದ. ಮುದುಕನಾದ ಮೇಲೆ ಒಂದು ಹೋಟೆಲಿನಲ್ಲಿ ಅವನದೇ ಹಾಡು ನಡೆಯುತ್ತಿತ್ತಂತೆ. ಮೆಲ್ಲಗೆ ಮಾತಾಡಿ, ಹಾಡು ಕೇಳಿಸುತ್ತಿಲ್ಲ ಎಂದು ಪಕ್ಕದ ಟೇಬಲ್ಲಿನವರು ಅವನನ್ನೇ ಗದರಿದರಂತೆ. ಸುಮ್ಮನಾದನಂತೆ.

ನಮ್ಮ ದಾಸರು ಜಾಣರು ಎನ್ನುತ್ತಿದ್ದರು ಇವರು. ಕೊನೆಯ ಚರಣದಲ್ಲಿ ಅಂಕಿತ ಹಾಕಿಬಿಟ್ಟರು. ಯಾರೇ ಹಾಡಲಿ, ಯಾರ ಕೃತಿ ಎಂದು ತಿಳಿಯಲೇಬೇಕು.

ಆ ದರ್ಜಿಯ ಮಗನ ಒಂದು ಹಾಡನ್ನು ಹನ್ನೊಂದು ಜನ ಹಾಡಿದ, ನುಡಿಸಿದ ರೆಕಾರ್ಡುಗಳು ಬೀರುವಿನಲ್ಲಿದ್ದವು. ಅದೇ ಹಾಡನ್ನು ಇನ್ನೆಷ್ಟು ಸಲ ತರುತ್ತೀರಿ ಎಂದು ಒಮ್ಮೆ ರೇಗಿದ್ದೆ. "ನೀನು ದಿನಾ ಸಾರು ಮಾಡ್ತೀಯಲ್ಲ, ಅದೆಲ್ಲ ಒಂದೇನಾ?" ಅಂದರು. ಬಾಯಿ ಮುಚ್ಚಿಸುವ ಮಾತು ಎಂದುಕೊಂಡು ಒಳಗೆ ಹೋದೆ. ಒಳಗೆ ಹೋಗುವುದೇ ನನ್ನ ಉತ್ತರವಾಗಿತ್ತು, ಮೂವತ್ತೊಂದು ವರ್ಷ.

ಬಂದವರು ಗೀರು ಬಿದ್ದಿದೆಯೇ ಎಂದು ಪರೀಕ್ಷಿಸಲು ಒಂದೊಂದನ್ನೇ ಹಾಕಿದರು. ಇಪ್ಪತ್ತು ಸೆಕೆಂಡು, ಮುಳ್ಳು ಎತ್ತು, ಮುಂದಿನದು. ಬೇರೆ ಕೆಲಸವಿಲ್ಲದೆ ನಾನೂ ಕೂತೆ. ಮೊದಲನೆಯದು ನಿದ್ದೆಗಣ್ಣಿನಲ್ಲಿ ನಡೆದಂತಿತ್ತು. ಎರಡನೆಯವಳು ನಗುವನ್ನು ತಡೆದುಕೊಂಡು ಹಾಡುತ್ತಿದ್ದಳು. ಐದನೆಯದರಲ್ಲಿ ಮಾತೇ ಇಲ್ಲ, ಬರೀ ಪಿಯಾನೊ. ಇದೇನು, ಒಂದೇ ಹಾಡು ಹೌದೇ?

ಹನ್ನೊಂದನೆಯದು ಶುರುವಾಗುತ್ತಲೇ ಗೊತ್ತಾಯಿತು. ಭಾನುವಾರದ್ದು. ರೀ, ಸೌಂಡ್ ಕಮ್ಮಿ ಮಾಡಿ ಎಂದು ಅಡುಗೆಮನೆಯಿಂದ ನಾನು ಕೂಗುತ್ತಿದ್ದದ್ದು ಇದಕ್ಕೇ. ಇವರೂ ಸುಮ್ಮನೆ ಕಮ್ಮಿ ಮಾಡುತ್ತಿದ್ದರು.

ಬಂದವರ ಕೈ ಮುಳ್ಳಿನತ್ತ ಹೋಯಿತು.

"ಎತ್ಬೇಡಿ. ಪೂರ್ತಿ ಆಗ್ಲಿ."

ಪೂರ್ತಿ ಆಯಿತು. ಮೂರು ನಿಮಿಷವೂ ಇಲ್ಲ. ಆಮೇಲೆ ಹನ್ನೊಂದನ್ನೂ ಎತ್ತಿ ಬೀರುವಿಗೆ ವಾಪಸ್ ಇಟ್ಟೆ. ಬೇರೆಯವನ್ನು ಒಯ್ಯಿರಿ ಎಂದೆ.

ಅವರು ಒಳ್ಳೆಯ ಮನುಷ್ಯ. "ನೆನಪಿಗೆ ಒಂದು ಇಟ್ಕೊಳ್ಳಿ ಅಮ್ಮ, ಹನ್ನೊಂದು ಯಾಕೆ? ಎಲ್ಲಾ ಅದೇ ಹಾಡಲ್ವಾ?" ಅಂದರು.

"ನಿಮ್ಮ ಮನೇಲಿ ದಿನಾ ಸಾರು ಮಾಡ್ತಾರಲ್ಲ," ಅಂದೆ, "ಅದೆಲ್ಲ ಒಂದೇನಾ?"